ಹಳೆಯ ಪೆಟ್ಟಿಗೆ, ಹೊಸ ಬಣ್ಣ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಶಾಸನಗಳತ್ತ, ದೇವಾಲಯಗಳತ್ತ, ಕೋಟೆಕೊತ್ತಲಗಳತ್ತ ಹರಿಯುವುದು ಸಹಜ. ಅವೆಲ್ಲ ಉಳಿಯಬೇಕೆಂಬ ಸಂಕಲ್ಪದಿಂದಲೇ ಹುಟ್ಟಿದ ವಸ್ತುಗಳು. ಸೂರ್ಯಚಂದ್ರರಿರುವವರೆಗೆ ಎಂಬ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿದವನಿಗೆ ಕಾಲದೊಡನೆ ಒಂದು ಪಂಥವಿತ್ತು. ಆದರೆ ಮನುಷ್ಯ ಮಾಡುವ ವಸ್ತುಗಳಲ್ಲಿ ಬಹುಪಾಲು ಇಂಥವಲ್ಲ. ನಾಲ್ಕಾರು ವರ್ಷ ದುಡಿದು, ಮುರಿದು, ಮೂಲೆ ಸೇರಿ, ಕೊನೆಗೆ ಒಲೆಗೋ ಗುಜರಿಗೋ ಹೋಗಲೆಂದೇ ಮಾಡಿದ ವಸ್ತುಗಳು ಅವು. ಅವುಗಳಲ್ಲಿ ಕೆಲವು ಯಾರ ಸಂಕಲ್ಪವೂ ಇಲ್ಲದೆ ಉಳಿದುಬಿಡುತ್ತವೆ. ಹಾಗೆ ಉಳಿದಾಗ, ಇವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕ ದೇಶದ ಪಿನ್‌ಬಾಲ್ ಯಂತ್ರ ಅಂಥದೊಂದು ವಸ್ತು. ಅದರ ಹಳೆಯ ಮರದ ಪೆಟ್ಟಿಗೆಗೆ ಮತ್ತೆ ಬಣ್ಣ ಹಚ್ಚುವುದು ಮೇಲುನೋಟಕ್ಕೆ ಬಡಗಿಯ ಮತ್ತು ಬಣ್ಣಗಾರನ ಕಸುಬು. ಸ್ವಲ್ಪ ಒಳಹೊಕ್ಕು ನೋಡಿದರೆ ಅದು ಚರಿತ್ರೆಕಾರನ ಕಸುಬೂ ಹೌದು.

ಈ ಯಂತ್ರವನ್ನು ಕಾಣದವರಿಗೆ ಅದರ ರೂಪವನ್ನು ಹೀಗೆ ವರ್ಣಿಸಬಹುದು. ಸೊಂಟದೆತ್ತರದ ನಾಲ್ಕು ಕಾಲುಗಳ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಅದರೊಳಗೆ ಆಡುವವನ ಕಡೆಗೆ ತುಸು ಇಳಿಜಾರಾದ ಹಲಗೆ, ಹಲಗೆಯ ಮೇಲೆ ಗಾಜಿನ ಹೊದಿಕೆ. ಸ್ಪ್ರಿಂಗಿನ ಹಿಡಿಕೆಯನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಚಿಮ್ಮಿ, ಅಡೆತಡೆಗಳಿಗೆ ಬಡಿದು, ಗಂಟೆ ಬಾರಿಸಿ, ದೀಪ ಹೊತ್ತಿಸಿ, ಕೊನೆಗೆ ಕೆಳಕ್ಕೆ ಉರುಳಿ ಮಾಯವಾಗುತ್ತದೆ. ಪೆಟ್ಟಿಗೆಯ ಹಿಂಬದಿಯಲ್ಲಿ ನೆಟ್ಟಗೆ ನಿಂತ ಇನ್ನೊಂದು ಪೆಟ್ಟಿಗೆ. ಅದರ ಮುಖಕ್ಕೆ ಬಣ್ಣಬಣ್ಣದ ಚಿತ್ರವಿರುವ ಗಾಜು. ನಮ್ಮ ಊರುಗಳಲ್ಲಿ ಮಕ್ಕಳು ರಜೆಯ ದಿನಗಳಲ್ಲಿ ಆಡುತ್ತಿದ್ದ ಬಗಾಟೆಲ್ ಹಲಗೆಯನ್ನು, ಎಂದರೆ ಸಾಲಾಗಿ ಮೊಳೆ ಹೊಡೆದು ಗೋಲಿಯನ್ನು ಚಿಮ್ಮಿಸುವ ಆ ಹಲಗೆಯನ್ನು, ನೆನೆದುಕೊಂಡರೆ ಪಿನ್‌ಬಾಲಿನ ಪೂರ್ವಜರ ಪರಿಚಯವಾದಂತೆಯೇ. ಬಗಾಟೆಲ್ ಫ್ರಾನ್ಸಿನ ಶ್ರೀಮಂತರ ಮನೆಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ಆಡುತ್ತಿದ್ದ ಮೇಜಿನಾಟ. ಅದು ಕಡಲು ದಾಟಿ ಅಮೆರಿಕಕ್ಕೆ ಹೋಯಿತು. ಅಲ್ಲಿನ ಸಿನ್ಸಿನಾಟಿ ನಗರದಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬ ಇಂಗ್ಲಿಷ್ ಮೂಲದವನು 1871ರಲ್ಲಿ ಈ ಆಟಕ್ಕೆ ಸ್ಪ್ರಿಂಗಿನ ಹಿಡಿಕೆಯನ್ನು ಜೋಡಿಸಿ ಪೇಟೆಂಟ್ ಪಡೆದ. ಕೋಲಿನಿಂದ ಗುಂಡನ್ನು ತಳ್ಳುವ ಆಟ ಹಿಡಿಕೆಯಿಂದ ಚಿಮ್ಮಿಸುವ ಆಟವಾಯಿತು.

ಆಟಕ್ಕೆ ದೊಡ್ಡ ಕಾಲ ಬಂದದ್ದು ಕೆಟ್ಟ ಕಾಲದಲ್ಲಿ. 1929ರ ಆರ್ಥಿಕ ಕುಸಿತದ ಬಳಿಕ ಅಮೆರಿಕದ ನಗರಗಳಲ್ಲಿ ಕೆಲಸವಿಲ್ಲದ ಜನ ಬೀದಿ ತುಂಬಿದ್ದರು. ಸಮಯ ಬೇಕಾದಷ್ಟಿತ್ತು, ಕಿಸೆಯಲ್ಲಿ ಕಾಸಿರಲಿಲ್ಲ. ಆಗ, 1931ರಲ್ಲಿ, ಷಿಕಾಗೋ ನಗರದ ಡೇವಿಡ್ ಗಾಟ್ಲೀಬ್ ಎಂಬುವನು ‘ಬ್ಯಾಫಲ್ ಬಾಲ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದ. ಅಂಗಡಿಯ ಕಟ್ಟೆಯ ಮೇಲೆ ಇಡಬಹುದಾದಷ್ಟು ಚಿಕ್ಕದು. ಬೆಲೆ ಹದಿನೇಳೂವರೆ ಡಾಲರು. ಒಂದು ಪೆನ್ನಿ ಹಾಕಿದರೆ ಕೆಲವು ಗುಂಡುಗಳ ಆಟ. ಅದಕ್ಕೆ ಬಂದ ಬೇಡಿಕೆಯನ್ನು ಪೂರೈಸಲು ಗಾಟ್ಲೀಬನಿಗೆ ಸಾಧ್ಯವಾಗದಿದ್ದಾಗ ರೇಮಂಡ್ ಮೊಲೋನಿ ಎಂಬಾತ ‘ಬ್ಯಾಲಿಹೂ’ ಎಂಬ ತನ್ನದೇ ಯಂತ್ರವನ್ನು ಹೊರಡಿಸಿದ. ಆ ಆಟದ ಹೆಸರಿನಿಂದಲೇ ‘ಬ್ಯಾಲಿ’ ಎಂಬ ಕಂಪನಿಗೆ ಹೆಸರು ಬಂತು. ಷಿಕಾಗೋ ಈ ಉದ್ಯಮದ ತವರಾಯಿತು. ಮರಗೆಲಸ, ವಿದ್ಯುತ್ ಕೆಲಸ, ಮುದ್ರಣ ಇವು ಮೂರೂ ಒಂದೇ ಊರಿನಲ್ಲಿ ಸಿಗುತ್ತಿದ್ದುದು ಇದಕ್ಕೆ ಅನುಕೂಲವಾಯಿತು.

ಸಾಹಿತ್ಯಾಸಕ್ತರು ಇಲ್ಲಿ ಒಂದು ನಾಟಕವನ್ನು ನೆನೆಯಬಹುದು. ವಿಲಿಯಂ ಸರೋಯನ್ನನ ‘ದಿ ಟೈಮ್ ಆಫ್ ಯುವರ್ ಲೈಫ್’ 1939ರಲ್ಲಿ ರಂಗಕ್ಕೆ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಹಡಗುಕಟ್ಟೆಯ ಬಳಿಯ ಒಂದು ಮದ್ಯದಂಗಡಿಯಲ್ಲಿ ನಡೆಯುವ ಆ ನಾಟಕದಲ್ಲಿ ವಿಲ್ಲಿ ಎಂಬ ಹುಡುಗ ಇಂಥದೇ ಗುಂಡಿನ ಯಂತ್ರದ ಮುಂದೆ ನಿಂತು ಬಿಡದೆ ಆಡುತ್ತಾನೆ. ಸುತ್ತಲೂ ಬದುಕಿನ ದೊಡ್ಡ ದುಃಖಗಳು ನಡೆಯುತ್ತಿರುತ್ತವೆ. ಅವನ ಪಾಲಿಗೆ ಆ ಪೆಟ್ಟಿಗೆಯೇ ಜಗತ್ತು. ಕೊನೆಗೆ ಅವನು ಗೆಲ್ಲುತ್ತಾನೆ. ಯಂತ್ರ ದೀಪ ಬೆಳಗಿಸಿ, ಬಾವುಟವೆತ್ತಿ ಅವನ ಗೆಲುವನ್ನು ಸಾರುತ್ತದೆ. ಸೋತವರಿಗೂ ಒಂದು ಸಣ್ಣ ಗೆಲುವು ಬೇಕು, ಆ ಗೆಲುವಿಗೆ ಬಣ್ಣ ಬೇಕು, ಬೆಳಕು ಬೇಕು ಎಂಬುದನ್ನು ಸರೋಯನ್ ಕಂಡಿದ್ದ. ಪೆಟ್ಟಿಗೆಯ ಬಣ್ಣದ ಚರಿತ್ರೆಯನ್ನು ಹೇಳುವಾಗ ಈ ಮಾತನ್ನು ಮರೆಯಬಾರದು.

ಆದರೆ ಊರಿನ ಹಿರಿಯರಿಗೆ ಇದು ಜೂಜಾಗಿ ಕಂಡಿತು. ಆ ದೃಷ್ಟಿ ಪೂರ್ತಿ ತಪ್ಪೂ ಅಲ್ಲ. ಆಗಿನ ಯಂತ್ರಗಳಲ್ಲಿ ಗುಂಡನ್ನು ಬಿಟ್ಟ ಮೇಲೆ ಆಡುವವನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಪೆಟ್ಟಿಗೆಯನ್ನು ಅಲುಗಿಸಿ ಗುಂಡಿನ ದಾರಿ ತಿರುಗಿಸಬಹುದಿತ್ತು, ಅಷ್ಟೆ. ಅದನ್ನೂ ತಡೆಯಲು ಹ್ಯಾರಿ ವಿಲಿಯಮ್ಸ್ ಎಂಬಾತ ಮೂವತ್ತರ ದಶಕದಲ್ಲಿ ‘ಟಿಲ್ಟ್’ ಎಂಬ ಉಪಾಯವನ್ನು ಅಳವಡಿಸಿದ; ಮಿತಿಮೀರಿ ಅಲುಗಿಸಿದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ನ್ಯೂಯಾರ್ಕಿನ ಮೇಯರ್ ಲಗಾರ್ಡಿಯ 1942ರಲ್ಲಿ ಈ ಯಂತ್ರಗಳನ್ನು ನಿಷೇಧಿಸಿದ. ಸಾವಿರಾರು ಯಂತ್ರಗಳನ್ನು ಪೊಲೀಸರು ವಶಪಡಿಸಿಕೊಂಡರು, ಸುತ್ತಿಗೆಗಳಿಂದ ಒಡೆದು ಹಾಕಿದರು. ಯಂತ್ರಗಳ ತವರಾದ ಷಿಕಾಗೋದಲ್ಲಿಯೇ ಎಪ್ಪತ್ತರ ದಶಕದ ಉತ್ತರಾರ್ಧದವರೆಗೆ ನಿಷೇಧವಿತ್ತು. ಊರು ತಾನು ಮಾಡಿ ಲೋಕಕ್ಕೆಲ್ಲ ಮಾರುತ್ತಿದ್ದ ಆಟವನ್ನು ತಾನು ಆಡುವಂತಿರಲಿಲ್ಲ.

ಮರುಬಣ್ಣದ ಮೊದಲ ಅಧ್ಯಾಯ ಬರುವುದು ಇದೇ ಕಾಲದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಾರ್ಖಾನೆಗಳು ಯುದ್ಧ ಸಾಮಗ್ರಿಗೆ ತಿರುಗಿದವು. ಹೊಸ ಆಟದ ಯಂತ್ರಗಳ ತಯಾರಿಕೆ ನಿಂತಿತು. ಆದರೆ ಅಂಗಡಿಗಳಿಗೆ ಹೊಸ ಆಟ ಬೇಕಿತ್ತು. ಆಗ ಕೆಲವು ಸಂಸ್ಥೆಗಳು ಹಳೆಯ ಯಂತ್ರಗಳನ್ನೇ ತೆಗೆದುಕೊಂಡು ಅವಕ್ಕೆ ಹೊಸ ಹೆಸರು, ಹೊಸ ಗಾಜು, ಹೊಸ ಬಣ್ಣ ಕೊಟ್ಟು ಮಾರಿದವು. ಹ್ಯಾರಿ ವಿಲಿಯಮ್ಸ್ ಮತ್ತು ಲಿನ್ ಡ್ಯುರಂಟ್ 1942ರಲ್ಲಿ ಆರಂಭಿಸಿದ ಯುನೈಟೆಡ್ ಎಂಬ ಸಂಸ್ಥೆ ಇಂಥ ರೂಪಾಂತರದ ಕೆಲಸವನ್ನು ಮಾಡಿತು. ಆದ್ದರಿಂದ ಹಳೆಯ ಯಂತ್ರದ ಮೂಲ ರೂಪ ಎನ್ನುವಾಗ ನಾವು ಎಚ್ಚರದಿಂದಿರಬೇಕು. ಕೆಲವು ಯಂತ್ರಗಳಿಗೆ ಮೂಲ ಎರಡಿರುತ್ತದೆ: ಹುಟ್ಟಿದಾಗಿನದು ಒಂದು, ಯುದ್ಧಕಾಲದ್ದು ಇನ್ನೊಂದು. ಅವುಗಳಲ್ಲಿ ಯಾವುದನ್ನು ಕೆರೆದು ಯಾವುದನ್ನು ಉಳಿಸುವುದು?

ಯುದ್ಧ ಮುಗಿದ ಮೇಲೆ ಆಟದ ಸ್ವರೂಪವೇ ಬದಲಾಯಿತು. 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ ರಚಿಸಿದ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಮೊದಲ ಬಾರಿಗೆ ವಿದ್ಯುತ್ತಿನ ಫ್ಲಿಪ್ಪರುಗಳು ಬಂದವು, ಒಂದಲ್ಲ, ಆರು. ಗುಂಡಿಯೊತ್ತಿದರೆ ಬಡಿಯುವ ಈ ಪುಟ್ಟ ಕೈಗಳಿಂದ ಬೀಳುವ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಬಹುದಾಯಿತು. ಮರುವರ್ಷ ಸ್ಟೀವ್ ಕಾರ್ಡೆಕ್ ‘ಟ್ರಿಪಲ್ ಆಕ್ಷನ್’ ಎಂಬ ಯಂತ್ರದಲ್ಲಿ ಎರಡೇ ಫ್ಲಿಪ್ಪರುಗಳನ್ನು ಹಲಗೆಯ ಕೆಳತುದಿಯಲ್ಲಿರಿಸಿದ. ಆ ವಿನ್ಯಾಸವೇ ಮುಂದೆ ನೆಲೆ ನಿಂತಿತು. ಅದೃಷ್ಟದ ಆಟ ಕೈಚಳಕದ ಆಟವಾಯಿತು. ಐವತ್ತರ ದಶಕದಲ್ಲಿ ಗಾಟ್ಲೀಬ್ ಕಂಪನಿ ವರ್ಷಕ್ಕೆ ಹತ್ತಕ್ಕೂ ಮಿಕ್ಕಿ ಹೊಸ ಆಟಗಳನ್ನು ಹೊರತರುತ್ತಿತ್ತು. ಪ್ರತಿಯೊಂದಕ್ಕೂ ಒಂದು ಕಥಾವಸ್ತು, ಒಂದು ಚಿತ್ರ. ರಾಯ್ ಪಾರ್ಕರ್ ಎಂಬ ಚಿತ್ರಕಾರ ಈ ಗಾಜುಗಳ ಮೇಲೆ ಬರೆದ ನಗುಮುಖದ ನಗರಜೀವನ ಆ ಕಾಲದ ಅಮೆರಿಕದ ಜನಪದ ಕಲೆಯಂತಿದೆ.

ಗಾಜಿನ ಚಿತ್ರಕ್ಕೂ ಪೆಟ್ಟಿಗೆಯ ಚಿತ್ರಕ್ಕೂ ಬಹಳ ಅಂತರವಿದೆ. ಗಾಜು ಹತ್ತಿರದಿಂದ ನೋಡಲೆಂದು ಮಾಡಿದ್ದು. ಅದರ ಹಿಂಬದಿಗೆ ಜಾಲರಿಯ ಮೂಲಕ ಒಂದೊಂದೇ ಬಣ್ಣವನ್ನು ತಿರುಗುಮುರುಗಾಗಿ ಮುದ್ರಿಸಿ ಹಿಂದಿನಿಂದ ದೀಪ ಹಾಕುತ್ತಿದ್ದರು. ಪೆಟ್ಟಿಗೆಯ ಮಗ್ಗುಲು ದೂರದಿಂದ ಕಣ್ಣು ಸೆಳೆಯಲೆಂದು ಮಾಡಿದ್ದು. ಹೊಗೆ ತುಂಬಿದ ಅಂಗಡಿಯ ಬಾಗಿಲಲ್ಲಿ ನಿಂತವನಿಗೆ ಮೂಲೆಯಲ್ಲೊಂದು ಯಂತ್ರವಿದೆ ಎಂದು ತಿಳಿದರೆ ಸಾಕು. ಹಾಗಾಗಿ ಅಲ್ಲಿ ಸೂಕ್ಷ್ಮ ಚಿತ್ರಗಳಿಲ್ಲ. ದಪ್ಪ ಪಟ್ಟೆಗಳು, ನಕ್ಷತ್ರಗಳು, ಬಾಣಗಳು, ಚೂಪಾದ ತ್ರಿಕೋನಗಳು, ಎರಡು ಅಥವಾ ಮೂರು ಬಣ್ಣಗಳಲ್ಲಿ. ಮೊದಲು ಪೆಟ್ಟಿಗೆಗೆಲ್ಲ ತಿಳಿಯಾದ ತಳಬಣ್ಣ. ಹಲವು ಯಂತ್ರಗಳಲ್ಲಿ ಅದರ ಮೇಲೆ ಬೇರೊಂದು ಬಣ್ಣವನ್ನು ಚುಕ್ಕೆಚುಕ್ಕೆಯಾಗಿಯೋ ಜೇಡನ ನೂಲಿನಂತೆಯೋ ಸಿಂಪಡಿಸುತ್ತಿದ್ದರು. ಮರದ ಸಣ್ಣಪುಟ್ಟ ಕೊರೆಗಳು ಅದರಲ್ಲಿ ಮರೆಯಾಗುತ್ತಿದ್ದವು. ಆಮೇಲೆ ಕೊರೆದ ಸ್ಟೆನ್ಸಿಲ್ಲನ್ನು ಮಗ್ಗುಲಿಗೆ ಒತ್ತಿ ಹಿಡಿದು ಒಂದು ಬಣ್ಣ, ಮತ್ತೊಂದು ಸ್ಟೆನ್ಸಿಲ್ ಹಿಡಿದು ಮತ್ತೊಂದು ಬಣ್ಣ. ಕಾರ್ಖಾನೆಯಲ್ಲಿ ಕೆಲಸ ನಿಲ್ಲುವಂತಿಲ್ಲ. ಸ್ಟೆನ್ಸಿಲ್ ಎಲ್ಲೆಡೆ ಬಿಗಿಯಾಗಿ ಕೂರುತ್ತಿರಲಿಲ್ಲ; ಅಂಚಿನಡಿಗೆ ಬಣ್ಣದ ಮಂಜು ನುಸುಳಿ ಗೆರೆಗಳು ಮಸುಕಾಗುತ್ತಿದ್ದವು. ಒಂದೇ ಆಟದ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ತದ್ರೂಪವಾಗಿರುವುದಿಲ್ಲ. ಈ ಮಸುಕಿನ ವಿಚಾರಕ್ಕೆ ಮತ್ತೆ ಬರೋಣ.

ಕಾರ್ಖಾನೆಯಿಂದ ಹೊರಟ ಪೆಟ್ಟಿಗೆಯ ಬಾಳು ಸುಖದ ಬಾಳಲ್ಲ. ಯಂತ್ರ ಅಂಗಡಿಯವನದಾಗಿರುತ್ತಿರಲಿಲ್ಲ, ಅದನ್ನು ಊರೂರಿಗೆ ಸಾಗಿಸಿ, ಬಂದ ಕಾಸಿನಲ್ಲಿ ಪಾಲು ಹಂಚಿಕೊಳ್ಳುವ ಗುತ್ತಿಗೆದಾರನದಾಗಿರುತ್ತಿತ್ತು. ಒಂದೆಡೆ ಜನಕ್ಕೆ ಬೇಸರವಾದರೆ ಅದನ್ನು ಲಾರಿಗೆ ಹೇರಿ ಇನ್ನೊಂದೆಡೆಗೆ. ಏರಿಸಿ ಇಳಿಸುವಾಗ ಮೂಲೆಗಳು ಜಜ್ಜಿದವು. ಕಾಲುಗಳ ಬೋಲ್ಟು ಕೂರುವ ಕಡೆ ಮರ ಸೀಳಿತು. ಸೋತವನ ಬೂಟುಗಾಲು ಮುಂಬದಿಯನ್ನು ಒದೆಯಿತು. ಸಿಗರೇಟಿನ ಕೆಂಡ ಅಂಚನ್ನು ಸುಟ್ಟಿತು. ಕೆಲವು ಗುತ್ತಿಗೆದಾರರು ಅಂದಗೆಟ್ಟ ಪೆಟ್ಟಿಗೆಗೆ ಸಿಕ್ಕಿದ ಗೋಡೆಬಣ್ಣವನ್ನು ಬಳಿದು ಮತ್ತೆ ದುಡಿಯಲು ಕಳುಹಿಸಿದರು.

ಕಾನೂನು ಕೊನೆಗೆ ಮೆತ್ತಗಾಯಿತು. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಲಾಸ್ ಏಂಜಲೀಸ್ ನಗರದ ನಿಷೇಧವನ್ನು ಎತ್ತಿಹಾಕಿತು. 1976ರಲ್ಲಿ ನ್ಯೂಯಾರ್ಕ್ ನಗರಸಭೆಯ ಮುಂದೆ ರೋಜರ್ ಷಾರ್ಪ್ ಎಂಬ ಪತ್ರಕರ್ತ ಯಂತ್ರವನ್ನು ಆಡಿ ತೋರಿಸಿ, ಗುಂಡು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿ, ಹೇಳಿದಂತೆಯೇ ಹೊಡೆದ. ಇದು ಕೈಚಳಕವೇ ಹೊರತು ಜೂಜಲ್ಲ ಎಂದು ಸಭೆ ಒಪ್ಪಿತು. ಆದರೆ ಗೆಲುವಿನ ಹಿಂದೆಯೇ ಹೊಸ ಎದುರಾಳಿ ಬಂದಿತ್ತು. 1978ರಲ್ಲಿ ಜಪಾನಿನಿಂದ ಬಂದ ‘ಸ್ಪೇಸ್ ಇನ್ವೇಡರ್ಸ್’ ಮತ್ತು ಅದರ ಬಳಗದ ವಿಡಿಯೋ ಆಟಗಳು ಕಾಸನ್ನು ತಮ್ಮತ್ತ ಸೆಳೆದವು. ಗಾಟ್ಲೀಬ್ ಹೆಸರಿನ ಯಂತ್ರಗಳ ತಯಾರಿಕೆ 1996ರಲ್ಲಿ ನಿಂತಿತು. ವಿಲಿಯಮ್ಸ್ ಕಂಪನಿ 1999ರಲ್ಲಿ ಪಿನ್‌ಬಾಲನ್ನು ಕೈಬಿಟ್ಟಿತು. ಹಳೆಯ ಪೆಟ್ಟಿಗೆಗಳು ನೆಲಮಾಳಿಗೆಗಳಲ್ಲಿ, ಗೋದಾಮುಗಳಲ್ಲಿ ತೇವ ಕುಡಿಯುತ್ತ ಕುಳಿತವು. ಅವನ್ನು ಅಲ್ಲಿಂದ ಎತ್ತಿ ತಂದವರು ಹವ್ಯಾಸಿಗಳು. ಬಾಲ್ಯದಲ್ಲಿ ಆಡಿದ ಯಂತ್ರವನ್ನು ಮತ್ತೆ ಹೊಳೆಯುವಂತೆ ಮಾಡಬೇಕೆಂಬ ಆಸೆ ಅವರದು. ಇಂದಿನ ಮರುಬಣ್ಣದ ವಿದ್ಯೆ ಬೆಳೆದದ್ದು ಅವರ ಕೈಯಲ್ಲಿ.

ಆ ವಿದ್ಯೆಯ ಮೊದಲ ಪಾಠ ಬಣ್ಣ ಹಚ್ಚುವುದಲ್ಲ, ದಾಖಲಿಸುವುದು. ಸ್ಯಾಂಡ್‌ಪೇಪರನ್ನು ಕೈಗೆತ್ತಿಕೊಳ್ಳುವ ಮುನ್ನ ಪೆಟ್ಟಿಗೆಯ ನಾಲ್ಕೂ ಮಗ್ಗುಲುಗಳ ಛಾಯಾಚಿತ್ರ ತೆಗೆಯಬೇಕು. ಪಾರದರ್ಶಕ ಹಾಳೆಯನ್ನು ಹರಡಿ ಪ್ರತಿಯೊಂದು ಆಕೃತಿಯ ಗೆರೆಯನ್ನೂ ನಕಲು ಮಾಡಿಕೊಳ್ಳಬೇಕು. ಅಂಚಿನಿಂದ ಅದರ ದೂರವನ್ನು ಅಳೆದು ಬರೆದಿಡಬೇಕು. ಒಮ್ಮೆ ಕೆರೆದರೆ ಅದು ಹೋದದ್ದೇ. ಎರಡನೆಯ ಪಾಠ ಬಣ್ಣ ಗುರುತಿಸುವುದು. ಹೊರಗೆ ಕಾಣುವ ಬಣ್ಣವನ್ನು ನಂಬುವಂತಿಲ್ಲ. ಬಿಸಿಲಿಗೆ ಕೆಂಪು ಪೇಲವವಾಗಿರುತ್ತದೆ. ಹೊಗೆಗೆ ಬಿಳುಪು ಹಳದಿಯಾಗಿರುತ್ತದೆ. ನಿಜವಾದ ಬಣ್ಣ ಅಡಗಿರುವುದು ಬೆಳಕು ಸೋಕದ ಕಡೆಗಳಲ್ಲಿ: ಕಾಲುಗಳ ಮರೆಯಲ್ಲಿ, ನಾಣ್ಯದ ಬಾಗಿಲ ಚೌಕಟ್ಟಿನಡಿಯಲ್ಲಿ, ಲೋಹದ ಪಟ್ಟಿಗಳ ಕೆಳಗೆ. ಅವನ್ನು ಬಿಚ್ಚಿದಾಗ ಬೆರಳಗಲದ ಜಾಗದಲ್ಲಿ ಅರುವತ್ತು ವರ್ಷಗಳ ಹಿಂದಿನ ಕೆಂಪು, ಕಾರ್ಖಾನೆಯಿಂದ ಹೊರಟ ದಿನದ ಕೆಂಪು, ಹಾಗೆಯೇ ಸಿಗುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವಿದೆ. ಹೆಚ್ಚು ಜನ ನೋಡಿದ ಮುಖಕ್ಕಿಂತ ಯಾರೂ ನೋಡದ ಮೂಲೆ ಕೆಲವೊಮ್ಮೆ ಹೆಚ್ಚು ಸತ್ಯ ಹೇಳುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಪದರ ಬಿಟ್ಟ ಪ್ಲೈವುಡ್ಡಿಗೆ ಅಂಟು ತುಂಬಿ ಬಿಗಿಹಿಡಿದು ಒಣಗಿಸಬೇಕು. ಮುರಿದ ಮೂಲೆಗೆ ಮರದ ತುಂಡನ್ನು ಕೂಡಿಸಿ, ಕುಳಿಗಳಿಗೆ ಪುಟ್ಟಿ ತುಂಬಿ, ಒರಟು ಕಾಗದದಿಂದ ನಯವಾದ ಕಾಗದಕ್ಕೆ ಹಂತಹಂತವಾಗಿ ಉಜ್ಜಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಆದ್ದರಿಂದ ಬಲ್ಲವರು ನೀರು ಹಚ್ಚಿ ಉಜ್ಜುತ್ತಾರೆ, ಮುಖಕ್ಕೆ ತಕ್ಕ ಮುಸುಕು ಧರಿಸುತ್ತಾರೆ, ಆ ಧೂಳನ್ನು ಮಕ್ಕಳಿರುವ ಮನೆಯೊಳಕ್ಕೆ ಬಿಡುವುದಿಲ್ಲ. ಉಜ್ಜುವಾಗ ಮರದ ಮೇಲೆ ಅಚ್ಚೊತ್ತಿದ ಕ್ರಮಸಂಖ್ಯೆ ಇದ್ದರೆ ಅದು ಅಳಿಯದಂತೆ ನೋಡಿಕೊಳ್ಳಬೇಕು. ಬಳಿಕ ಪ್ರೈಮರು, ತಳಬಣ್ಣ, ಚುಕ್ಕೆಗಳ ಸಿಂಪಡಣೆ, ಕೊನೆಗೆ ಸ್ಟೆನ್ಸಿಲ್. ಪ್ರತಿಯೊಂದು ಬಣ್ಣವನ್ನೂ ದಪ್ಪಗೆ ಒಮ್ಮೆ ಹಚ್ಚದೆ ತೆಳ್ಳಗೆ ಹಲವು ಸಲ ಹಾಯಿಸಬೇಕು. ಒಂದು ಚೆನ್ನಾಗಿ ಒಣಗುವ ತನಕ ಇನ್ನೊಂದನ್ನು ಮುಟ್ಟಬಾರದು. ಕಾರ್ಖಾನೆ ಅವಸರದಲ್ಲಿ ಮಾಡಿ ಮುಗಿಸುತ್ತಿದ್ದ ಕೆಲಸಕ್ಕೆ ಹವ್ಯಾಸಿ ವಾರಗಳನ್ನು ಕೊಡುತ್ತಾನೆ.

ಪ್ರಶ್ನೆ ಏಳುವುದು ಇಲ್ಲಿಯೇ. ಇಂದು ಕಂಪ್ಯೂಟರಿನ ನೆರವಿನಿಂದ ಕೂದಲೆಳೆಯಷ್ಟೂ ತಪ್ಪದಂತೆ ಸ್ಟೆನ್ಸಿಲ್ ಕತ್ತರಿಸಬಹುದು. ಅದನ್ನು ಪೆಟ್ಟಿಗೆಗೆ ಅಂಟಿಸಿ ಬಣ್ಣ ಸಿಂಪಡಿಸಿದರೆ ಗೆರೆಗಳು ಕತ್ತಿಯಲಗಿನಂತೆ ಚೂಪಾಗುತ್ತವೆ. ಅದರ ಮೇಲೆ ಕನ್ನಡಿಯಂಥ ವಾರ್ನಿಷು ಬೇರೆ. ನೋಡಿದವರೆಲ್ಲ ಹೊಸದರಂತಿದೆ ಎಂದು ಕೊಂಡಾಡುತ್ತಾರೆ. ಆದರೆ ಹೊಸದಾಗಿದ್ದಾಗ ಅದು ಹಾಗಿರಲೇ ಇಲ್ಲವಲ್ಲ! ಅದರ ಅಂಚು ಮಸುಕಾಗಿತ್ತು. ಗಂಟೆಗೂಲಿಗೆ ದುಡಿಯುತ್ತಿದ್ದ ಹೆಸರಿಲ್ಲದ ಕೆಲಸಗಾರನೊಬ್ಬನ ಅವಸರ ಆ ಮಸುಕಿನಲ್ಲಿತ್ತು. ಅದನ್ನು ತಿದ್ದಿ ತೀಡಿದರೆ ನಮಗೆ ಸಿಗುವುದು 1950ರ ಪೆಟ್ಟಿಗೆಯಲ್ಲ, 1950ನ್ನು ಕುರಿತ ನಮ್ಮ ಕನಸು.

ಯೂರೋಪಿನ ಹಳೆಯ ಚರ್ಚುಗಳನ್ನು ಕುರಿತು ಇದೇ ವಾದ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ಹಳೆಯ ಕಟ್ಟಡವನ್ನು ಪೂರ್ಣಗೊಳಿಸುವುದೇ ಜೀರ್ಣೋದ್ಧಾರವೆಂದು ತಿಳಿದ. ಆ ಪೂರ್ಣತೆ ಹಿಂದೆಂದೂ ಇದ್ದಿರದಿದ್ದರೂ ಚಿಂತೆಯಿಲ್ಲ ಎಂದ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರ ತನ್ನ ವಾಸ್ತುಕಲೆಯ ಗ್ರಂಥದಲ್ಲಿ ಇದಕ್ಕೆ ನೇರ ವಿರುದ್ಧವಾಗಿ ವಾದಿಸಿದ: ಸತ್ತ ಕುಶಲಕರ್ಮಿಯ ಕೈಯನ್ನು ಮತ್ತೆ ಕರೆಯಲಾಗದು, ಆದ್ದರಿಂದ ಇಂಥ ಉದ್ಧಾರವೆಲ್ಲ ನಾಶವೇ ಎಂಬುದು ಅವನ ನಿಲುವು. ಆ ನಿಲುವಿನಿಂದ ಪ್ರೇರಿತನಾಗಿ ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘವನ್ನೇ ಕಟ್ಟಿದ. 1964ರ ವೆನಿಸ್ ಸನ್ನದು ಇವೆರಡರ ನಡುವೆ ಒಂದು ದಾರಿ ಹುಡುಕಿತು. ಕಳೆದುಹೋದ ಭಾಗವನ್ನು ತುಂಬಿದರೆ ಅದು ಇಡಿಯೊಡನೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು, ಮಾಡಿದ್ದನ್ನೆಲ್ಲ ದಾಖಲಿಸಬೇಕು. ಅರಸರ ಕಟ್ಟಡಕ್ಕೆ ಹೇಳಿದ ಮಾತು ಮದ್ಯದಂಗಡಿಯ ಪೆಟ್ಟಿಗೆಗೂ ಸಲ್ಲುತ್ತದೆ ಎಂದರೆ ಯಾರೂ ನಗಬೇಕಾಗಿಲ್ಲ. ವಸ್ತು ಸಣ್ಣದಾದರೂ ಸತ್ಯ ಸಣ್ಣದಲ್ಲ.

ರಸ್ಕಿನ್ನನ ಮಾತನ್ನು ಅಕ್ಷರಶಃ ಪಾಲಿಸಲೂ ಆಗದು. ಕಲ್ಲಿನ ಗೋಡೆ ಪಾಳುಬಿದ್ದರೂ ಪಾಳಾಗಿಯೇ ನಿಲ್ಲುತ್ತದೆ. ತೇವ ಕುಡಿದ ಪ್ಲೈವುಡ್ಡು ಹಾಗೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಪಿನ್‌ಬಾಲ್ ನೋಡುವ ವಸ್ತುವಷ್ಟೇ ಅಲ್ಲ, ಆಡುವ ವಸ್ತು. ಆಡಲಾಗದ ಯಂತ್ರ ನುಡಿಸಲಾಗದ ವೀಣೆಯಂತೆ. ಆದ್ದರಿಂದ ಬಲ್ಲ ಹವ್ಯಾಸಿಗಳು ಒಂದು ವಿವೇಕವನ್ನು ರೂಢಿಸಿಕೊಂಡಿದ್ದಾರೆ. ಮೂಲ ಬಣ್ಣದ ಹೆಚ್ಚು ಭಾಗ ಉಳಿದಿದ್ದರೆ ಅದನ್ನು ಮೃದುವಾಗಿ ತೊಳೆದು, ಉದುರಿದಷ್ಟಕ್ಕೆ ಮಾತ್ರ ಬಣ್ಣ ಮುಟ್ಟಿಸಿ, ಉಳಿದದ್ದನ್ನು ಅದರ ಗಾಯಗಳೊಡನೆ ಬಿಡುವುದು. ಮರವೇ ಕೆಟ್ಟಿದ್ದರೆ, ಮೂಲದ ಮೇಲೆ ಗೋಡೆಬಣ್ಣ ಕೂತು ಬೇರ್ಪಡಿಸಲಾಗದಂತಿದ್ದರೆ, ಆಗ ಮಾತ್ರ ಪೂರ್ತಿ ಮರುಬಣ್ಣ. ಆಗಲೂ ಕೆಲವರು ಅಂಟುವ ಸ್ಟೆನ್ಸಿಲ್ಲಿನ ಬದಲು ದಪ್ಪ ರಟ್ಟಿನ ಸ್ಟೆನ್ಸಿಲ್ಲನ್ನು ಸಡಿಲವಾಗಿಟ್ಟು, ಅಂಚಿನಡಿಗೆ ಬಣ್ಣ ನುಸುಳಲು ಬಿಡುತ್ತಾರೆ. ಮಸುಕನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ.

ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ಪೆಟ್ಟಿಗೆಯ ಒಳಮೈಯನ್ನು ಮುಟ್ಟದಿರುವುದು ಒಳ್ಳೆಯದು. ಅಲ್ಲಿ ಒಮ್ಮೊಮ್ಮೆ ಕಾರ್ಖಾನೆಯವರ ಪೆನ್ಸಿಲ್ ಗುರುತುಗಳಿರುತ್ತವೆ, ರಿಪೇರಿಗೆ ಬಂದವನು ಗೀಚಿದ ತಾರೀಖುಗಳಿರುತ್ತವೆ. ಆ ಗುರುತುಗಳ ಪಕ್ಕದಲ್ಲಿಯೇ ಈಗ ಬಣ್ಣ ಹಚ್ಚಿದವನು ತನ್ನ ಹೆಸರನ್ನೂ ವರ್ಷವನ್ನೂ ಹಳೆಯ ಬಣ್ಣದ ವಿವರವನ್ನೂ ಬರೆದಿಡಲಿ. ಹೊರಗೆ ಕಾಣುವುದು ತನ್ನ ಕೈ, ಕೆಳಗಿದ್ದದ್ದು ಇನ್ನೊಬ್ಬನ ಕೈ ಎಂಬ ಒಂದು ಸಾಲು ಸಾಕು. ಕಾಲುಗಳ ಮರೆಯ ಆ ಬೆರಳಗಲದ ಹಳೆಯ ಕೆಂಪನ್ನೂ ಕೆರೆಯದೆ ಬಿಡಲಿ. ಇನ್ನು ಐವತ್ತು ವರ್ಷಗಳಾದ ಮೇಲೆ ಮತ್ತೊಬ್ಬರು ಬಂದು ಬೋಲ್ಟು ಬಿಚ್ಚಿದಾಗ ಅವರಿಗೆ ಕೇಳಿ ತಿಳಿಯಲು ಒಂದು ಸಾಕ್ಷಿ ಇರಬೇಕಲ್ಲವೆ?